ಒಂದೇ ಸೈಟು 80, 443, 8080 ಮೂರರಲ್ಲೂ ಬರಬೇಕು: ಎಂಜಿನ್‌ಎಕ್ಸ್ ಸೆಟ್ಟಿಂಗ್ ಹೇಗೆ?

ಪಿಗ್ಮಿಬುಕ್:
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮೊದಲು ನಮ್ಮ ಸಾಫ್ಟ್‌ವೇರ್ ಟಾಮ್‌ಕ್ಯಾಟ್ (ಜಾವಾ ಸರ್ವರ್) ಮೇಲೆ 8080 ಪೋರ್ಟಿನಲ್ಲಿ ಓಡುತ್ತಿತ್ತು. ಈಗ ಹೊಸದು ಬಂದಿದೆ. ಮುಂದೆ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಹಿಂದೆ ಜಾಂಗೋ (ಪೈಥಾನ್ ಫ್ರೇಮ್‌ವರ್ಕ್). 80ಕ್ಕೆ (ಎಚ್‌ಟಿಟಿಪಿ) ಬಂದವರನ್ನು 443ಕ್ಕೆ (ಎಚ್‌ಟಿಟಿಪಿಎಸ್) ಕಳಿಸುತ್ತೇವೆ. ಅಲ್ಲಿಗೆ ಎಲ್ಲ ಸರಿ ಇದೆ.

ತೊಂದರೆ ಇರುವುದು ಪಿಗ್ಮಿ ಏಜೆಂಟರ ಕೈಯಂತ್ರಗಳದ್ದು. ಅವರು ಅಂಗಡಿ ಅಂಗಡಿ ತಿರುಗಿ ದುಡ್ಡು ಕಟ್ಟಿಸಿಕೊಂಡು, ಸಂಜೆ ಅದೇ ಯಂತ್ರದಿಂದ ಲೆಕ್ಕವನ್ನು ಸರ್ವರ್‌ಗೆ ಕಳಿಸುತ್ತಾರೆ. ಅದರೊಳಗೆ ನಮ್ಮ ಡೊಮೈನ್ ಹೆಸರು, ಪಕ್ಕದಲ್ಲಿ :8080 ಕೂತುಬಿಟ್ಟಿದೆ. ಬದಲಾಯಿಸಲು ಮೆನು ಇಲ್ಲ. ಮಾಡಿಕೊಟ್ಟ ಕಂಪನಿಯೂ ಈಗಿಲ್ಲ. ಎಲ್ಲ ಯಂತ್ರ ಒಟ್ಟಿಗೆ ಬದಲಿಸಲು ಸಂಘದ ಹತ್ತಿರ ದುಡ್ಡಿಲ್ಲ. ಆಫೀಸಿನ ಕಂಪ್ಯೂಟರ್‌ಗಳಲ್ಲೂ ಹಳೇ :8080 ಬುಕ್‌ಮಾರ್ಕ್‌ಗಳೇ ಇವೆ.

ಅದಕ್ಕೆ ಸರ್ವರ್ ಬ್ಲಾಕಿನಲ್ಲಿ 'ಲಿಸನ್ 8080;' ಸೇರಿಸಿ 'ಎಂಜಿನ್‌ಎಕ್ಸ್ -ಟಿ' ಓಡಿಸಿದೆ, ಓಕೆ ಅಂತು. ರೀಲೋಡ್ ಮಾಡಿದೆ, ಯಾವ ತಕರಾರೂ ಬರಲಿಲ್ಲ. ಆದರೆ 8080 ತೆರೆದರೆ ಹಳೇ ಟಾಮ್‌ಕ್ಯಾಟ್ ಪುಟ ಬರುತ್ತಿದೆ. ಏನಿದು?

(ಕಾನ್ಫಿಗ್ ಸಾಲುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇವೆ.)

ಬೂಟ್‌ಆಗ್ತಿಲ್ಲ:
ಸರ್ವರ್ ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸರ್.

ಅಡ್ಮಿನ್‌ಅಕ್ಕ:
ರೀಸ್ಟಾರ್ಟ್ ಮಾಡಬೇಡಿ! ಈಗ ಮಾಡಿದರೆ 443 ಕೂಡ ಬಿದ್ದುಹೋಗುತ್ತದೆ.

ಆಗಿರುವುದು ಇಷ್ಟು. ಟಾಮ್‌ಕ್ಯಾಟ್ ಇನ್ನೂ ಬದುಕಿದೆ, 8080 ಅದರ ಕೈಯಲ್ಲಿದೆ. 'ಎಂಜಿನ್‌ಎಕ್ಸ್ -ಟಿ' ಕಾನ್ಫಿಗ್ ಬರವಣಿಗೆ ಸರಿಯಿದೆಯಾ ಅಂತ ನೋಡುತ್ತದೆ. ಪೋರ್ಟನ್ನು ಬೇರೆಯವರು ಹಿಡಿದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ರೀಲೋಡ್ ಅಂದರೆ ಒಂದು ಸಿಗ್ನಲ್ ಕಳಿಸುವುದು ಅಷ್ಟೇ. ಸಿಗ್ನಲ್ ಹೋಯಿತು ಅಂತ ಸಿಸ್ಟಮ್‌ಸಿಟಿಎಲ್ ಖುಷಿಯಾಗಿ ವಾಪಸ್ ಬರುತ್ತದೆ. ಒಳಗೆ ಎಂಜಿನ್‌ಎಕ್ಸ್ 8080 ಹಿಡಿಯಲು ಕೆಲವು ಸಲ ನೋಡಿ, ಆಗದಿದ್ದಾಗ ಹಳೇ ಕಾನ್ಫಿಗ್‌ನಲ್ಲೇ ಮುಂದುವರಿಯುತ್ತದೆ. ಎರರ್ ಲಾಗ್ ತೆರೆದು ನೋಡಿ, 'ಬೈಂಡ್ ಟು 0.0.0.0:8080 ಫೇಲ್ಡ್ (98: ಅಡ್ರೆಸ್ ಆಲ್ರೆಡಿ ಇನ್ ಯೂಸ್)' ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಹಳೇ ಕಾನ್ಫಿಗ್ ಕೂಡ ಕೈಯಲ್ಲಿ ಉಳಿಯುವುದಿಲ್ಲ, ಪೂರ್ತಿ ಏಳುವುದೇ ಇಲ್ಲ.

'ಎಸ್‌ಎಸ್ -ಎಲ್‌ಟಿಎನ್‌ಪಿ' ಅಂತ ರೂಟ್ ಆಗಿ ಹೊಡೆಯಿರಿ. 8080ರ ಸಾಲಿನ ಕೊನೆಗೆ ಜಾವಾ ಅಂತ ಕಾಣುತ್ತದೆ. ಟಾಮ್‌ಕ್ಯಾಟ್ ನಿಲ್ಲಿಸಿ. ಬರೀ ಸ್ಟಾಪ್ ಸಾಲದು, ಡಿಸೇಬಲ್ ಕೂಡ ಮಾಡಿ. ಇಲ್ಲದಿದ್ದರೆ ಮುಂದೆ ಯಾವತ್ತೋ ಕರೆಂಟ್ ಹೋಗಿ ಬಂದಾಗ ಅದು ಎಂಜಿನ್‌ಎಕ್ಸ್‌ಗಿಂತ ಮೊದಲು ಎದ್ದು 8080ರಲ್ಲಿ ಕೂರುತ್ತದೆ. ಆಮೇಲೆ ರೀಲೋಡ್.

ಬೇರೆಯವರಿಗೂ ಉಪಯೋಗ ಆಗಲಿ ಅಂತ ಬೇಸಿಕ್ ವಿಷಯ ಹೇಳಿಬಿಡುತ್ತೇನೆ. ಎಂಜಿನ್‌ಎಕ್ಸ್‌ನಲ್ಲಿ ಒಂದೇ ಸರ್ವರ್ ಬ್ಲಾಕಿಗೆ ಎಷ್ಟು ಲಿಸನ್ ಸಾಲು ಬೇಕಾದರೂ ಹಾಕಬಹುದು.

ಲಿಸನ್ 80;
ಲಿಸನ್ 8080;
ಲಿಸನ್ 443 ಎಸ್‌ಎಸ್‌ಎಲ್;
ಲಿಸನ್ 8443 ಎಸ್‌ಎಸ್‌ಎಲ್;

ಎಸ್‌ಎಸ್‌ಎಲ್ ಪದ ಇರುವ ಪೋರ್ಟಿನಲ್ಲಿ ಮಾತ್ರ ಟಿಎಲ್‌ಎಸ್, ಅಂದರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಗೂಢಲಿಪಿ ಸಂಪರ್ಕ. ಹಳೇ ಕಾನ್ಫಿಗ್‌ಗಳಲ್ಲಿ 'ಎಸ್‌ಎಸ್‌ಎಲ್ ಆನ್;' ಅಂತ ಬೇರೆ ಸಾಲು ಇರುತ್ತಿತ್ತು. ಅದು ಇದ್ದರೆ ಬ್ಲಾಕಿನ ಎಲ್ಲ ಪೋರ್ಟೂ ಟಿಎಲ್‌ಎಸ್ ಆಗಿಬಿಡುತ್ತಿತ್ತು. 1.25.1ರಿಂದ ಆ ಸಾಲನ್ನೇ ತೆಗೆದುಹಾಕಿದ್ದಾರೆ. ಐಪಿವಿ6 ಇದ್ದರೆ 'ಲಿಸನ್ [::]:8080;' ಅಂತ ಬೇರೆಯಾಗಿ ಬರೆಯಬೇಕು. 'ಡೀಫಾಲ್ಟ್_ಸರ್ವರ್' ಕೂಡ ಪ್ರತಿ ಪೋರ್ಟಿಗೆ ಬೇರೆ ಬೇರೆ. 8080ಕ್ಕೆ ನಿಮ್ಮದೊಂದೇ ಬ್ಲಾಕ್ ಇದ್ದರೆ, ಯಾವ ಹೆಸರಿನಲ್ಲಿ ಬಂದರೂ ನಿಮ್ಮ ಸೈಟೇ ಉತ್ತರ ಕೊಡುತ್ತದೆ.

ಹಳೇಹುಲಿ:
ಇಷ್ಟಕ್ಕೆಲ್ಲ ಎಂಜಿನ್‌ಎಕ್ಸ್ ಯಾಕೆ ಮುಟ್ಟಬೇಕು? ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಫೈರ್‌ವಾಲ್) ಒಂದು ಸಾಲು. ನ್ಯಾಟ್ ಟೇಬಲ್, ಪ್ರೀರೂಟಿಂಗ್, ಡಿಪೋರ್ಟ್ 8080, ರೀಡೈರೆಕ್ಟ್ ಟು 80. ಮುಗೀತು. ನಾವು ಆಗಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ.

ಅಡ್ಮಿನ್‌ಅಕ್ಕ:
ಹುಲಿ ಸರ್, 80ರಲ್ಲೇ ಸೈಟ್ ತೋರಿಸುವವರಿಗೆ ಕೆಲಸವೇನೋ ಆಗುತ್ತದೆ. ಆದರೆ ಎಂಜಿನ್‌ಎಕ್ಸ್‌ಗೆ ಜನ 8080ರಲ್ಲಿ ಬಂದರು ಅನ್ನುವುದೇ ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ ಎಲ್ಲ 80. ಯಾರಾದರೂ /ವರದಿ ಅಂತ ಕೊನೆಯ ಗೀಟು ಇಲ್ಲದೆ ಒಂದು ಫೋಲ್ಡರ್ ಕೇಳಿದರು ಅಂದುಕೊಳ್ಳಿ. ಅದು ತಾನೇ /ವರದಿ/ ಅಂತ ರೀಡೈರೆಕ್ಟ್ ಕಟ್ಟಿ ಕಳಿಸುತ್ತದೆ. ಆ ವಿಳಾಸದಲ್ಲಿ :8080 ಇರುವುದಿಲ್ಲ. ಬಂದವರು ಸದ್ದಿಲ್ಲದೆ 80ಕ್ಕೆ ಜಾರುತ್ತಾರೆ. 'ಆಬ್ಸೊಲ್ಯೂಟ್_ರೀಡೈರೆಕ್ಟ್ ಆಫ್;' ಹಾಕಿದರೆ ಬರೀ ದಾರಿ ಮಾತ್ರ ಬರೆಯುತ್ತದೆ, ಆಗ ಸರಿಹೋಗುತ್ತದೆ. ಅದು 1.11.8ರಿಂದ ಇದೆ.

ಇನ್ನೊಂದು, ಅದೇ ಸರ್ವರ್‌ನಲ್ಲಿ ಕೂತು ಲೋಕಲ್‌ಹೋಸ್ಟ್ 8080 ನೋಡಿದರೆ ತೆರೆಯುವುದಿಲ್ಲ. ಒಳಗಿಂದ ಹೊರಟ ಪ್ಯಾಕೆಟ್ ಪ್ರೀರೂಟಿಂಗ್ ಮೂಲಕ ಹೋಗುವುದೇ ಇಲ್ಲ. ಔಟ್‌ಪುಟ್ ಚೈನಿನಲ್ಲಿ ಇನ್ನೊಂದು ನಿಯಮ ಬೇಕು. ಆಮೇಲೆ ಕೆಲಸಕ್ಕೆ ಬರುವ ಹುಡುಗ ಕಾನ್ಫಿಗ್ ಫೈಲ್ ಎಲ್ಲ ಹುಡುಕಿ, 8080 ಎಲ್ಲಿಂದ ಬರುತ್ತಿದೆ ಅಂತ ತಲೆ ಕೆರೆದುಕೊಳ್ಳುತ್ತಾನೆ.

ಹಳೇಹುಲಿ:
ಆ ಕೊನೆಯ ಮಾತು ಒಪ್ಪಿದೆ.

ಪಿಗ್ಮಿಬುಕ್:
ಅಕ್ಕ, ನೀವು ಹೇಳಿದ ಹಾಗೇ ಇತ್ತು. ಟಾಮ್‌ಕ್ಯಾಟ್ ತೆಗೆದೆ. ಈಗ ಸರ್ವರ್ ಒಳಗಿಂದ ಕರ್ಲ್ (ಕಮಾಂಡ್‌ಲೈನ್‌ನಲ್ಲಿ ಪುಟ ತರಿಸುವ ಟೂಲ್) ಹೊಡೆದರೆ 8080 ಉತ್ತರ ಕೊಡುತ್ತಿದೆ. ಹೊರಗಿನಿಂದ ಮಾತ್ರ ಸುತ್ತುತ್ತಾ ಇರುತ್ತದೆ, ಕೊನೆಗೆ ಟೈಮ್‌ಔಟ್.

ಕಡಲತಡಿ:
ಟೈಮ್‌ಔಟ್ ಆದರೆ ಫೈರ್‌ವಾಲ್ ಮಾರಾಯ್ರೆ. 'ಕನೆಕ್ಷನ್ ರೆಫ್ಯೂಸ್ಡ್' ಅಂತ ತಟ್ಟನೆ ಬಂದರೆ ಸಾಮಾನ್ಯವಾಗಿ ಅಲ್ಲಿ ಕೇಳುವವರೇ ಇಲ್ಲ ಅಂತ ಅರ್ಥ. ಸುಮ್ನೆ ಕಾಯಿಸಿ ಕಾಯಿಸಿ ಸಾಯಿಸಿದರೆ ದಾರಿಯಲ್ಲಿ ಯಾರೋ ಪ್ಯಾಕೆಟ್ ನುಂಗುತ್ತಿದ್ದಾರೆ.

ಉಬುಂಟು ಆದರೆ 'ಯುಎಫ್‌ಡಬ್ಲ್ಯು ಅಲೌ 8080/ಟಿಸಿಪಿ'. ರೆಡ್‌ಹ್ಯಾಟ್ ಕಡೆಯದ್ದಾದರೆ 'ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆ್ಯಡ್-ಪೋರ್ಟ್=8080/ಟಿಸಿಪಿ', ಆಮೇಲೆ '--ರೀಲೋಡ್'. ಕ್ಲೌಡ್ ಸರ್ವರ್ ಆದರೆ ಅವರ ಪ್ಯಾನೆಲ್ಲಿನಲ್ಲಿ ಸೆಕ್ಯುರಿಟಿ ಗ್ರೂಪ್ ಅಂತ ಇನ್ನೊಂದು ಗೇಟು ಇರುತ್ತದೆ, ಅದನ್ನೂ ತೆರೆಯಬೇಕು. ಎರಡೂ ಬೇರೆ ಬೇರೆ.

ಬಯಲುಸೀಮೆ:
ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಅಪಾಚೆ, ಆಲ್ಮಾ ಲಿನಕ್ಸ್. 'ಲಿಸನ್ 8090' ಹಾಕಿದೆ. 'ಪರ್ಮಿಷನ್ ಡಿನೈಡ್, ಎಎಚ್00072, ಮೇಕ್_ಸಾಕ್' ಅಂತ ಬರುತ್ತಿದೆ. ರೂಟ್ ಆಗಿಯೇ ಓಡಿಸುತ್ತಿದ್ದೇನೆ. 1024ಕ್ಕಿಂತ ಕೆಳಗಿನ ಪೋರ್ಟಿಗೆ ತಾನೇ ರೂಟ್ ಬೇಕಿರುವುದು?

ಅಡ್ಮಿನ್‌ಅಕ್ಕ:
ಅದು ಎಸ್‌ಇ ಲಿನಕ್ಸ್, ಲಿನಕ್ಸ್‌ನ ಇನ್ನೊಂದು ಭದ್ರತಾ ಕಾವಲು. ರೂಟ್ ಆದರೂ ಬಿಡುವುದಿಲ್ಲ. 'ಸೆಮ್ಯಾನೇಜ್ ಪೋರ್ಟ್ -ಎಲ್' ಓಡಿಸಿ 'ಎಚ್‌ಟಿಟಿಪಿ_ಪೋರ್ಟ್_ಟಿ' ಸಾಲು ನೋಡಿ. ಮಾಮೂಲಿಯಾಗಿ 80, 81, 443, 488, 8008, 8009, 8443, 9000 ಇರುತ್ತವೆ. 8090 ಸೇರಿಸಬೇಕು:

ಸೆಮ್ಯಾನೇಜ್ ಪೋರ್ಟ್ -ಎ -ಟಿ ಎಚ್‌ಟಿಟಿಪಿ_ಪೋರ್ಟ್_ಟಿ -ಪಿ ಟಿಸಿಪಿ 8090

ಎರರ್ ನಂಬರ್ ನೋಡಿದರೇ ಅರ್ಧ ಕೆಲಸ ಆದ ಹಾಗೆ. 98 ಬಂದರೆ ಬೇರೆ ಯಾರೋ ಕೂತಿದ್ದಾರೆ. 13 ಬಂದರೆ ಪರ್ಮಿಷನ್. ಅಂತರ್ಜಾಲದಲ್ಲಿ ಎಸ್‌ಇ ಲಿನಕ್ಸ್ ಆಫ್ ಮಾಡಿ ಅಂತ ಹೇಳುವವರು ತುಂಬಾ ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಅಪಾಚೆಯಲ್ಲಿ ಇನ್ನೊಂದು ನೆನಪಿಡಿ. ಲಿಸನ್ ಸಾಲು ಬರೀ ಪೋರ್ಟ್ ತೆರೆಯುತ್ತದೆ. ಅಲ್ಲಿ ಯಾವ ಸೈಟ್ ತೋರಿಸಬೇಕು ಅಂತ ಹೇಳುವುದು ವರ್ಚುವಲ್‌ಹೋಸ್ಟ್. '<ವರ್ಚುವಲ್‌ಹೋಸ್ಟ್ *:80 *:8090>' ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು. ಇದು ಮರೆತರೆ 8090ರಲ್ಲಿ ಅಪಾಚೆಯ ಸ್ವಾಗತ ಪುಟ ಬಂದು ಕೂರುತ್ತದೆ. ಎಸ್‌ಎಸ್‌ಎಲ್ ಇರುವ ಪೋರ್ಟನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅಪಾಚೆಯಲ್ಲಿ ಎಸ್‌ಎಸ್‌ಎಲ್ ಎಂಜಿನ್ ಇಡೀ ವರ್ಚುವಲ್‌ಹೋಸ್ಟ್‌ಗೆ ಒಂದೇ. ಎರಡು ಬ್ಲಾಕ್ ಮಾಡಿ, ಸಾಮಾನ್ಯ ಸಾಲುಗಳನ್ನು ಒಂದು ಫೈಲಿಗೆ ಹಾಕಿ, ಎರಡರಲ್ಲೂ ಇನ್‌ಕ್ಲೂಡ್ ಮಾಡಿ. 'ಎಚ್‌ಟಿಟಿಪಿಡಿ -ಎಸ್' ಅಂದರೆ (ದೊಡ್ಡ ಎಸ್) ಯಾವ ಪೋರ್ಟಿಗೆ ಯಾವ ಬ್ಲಾಕ್ ಅಂತ ಪಟ್ಟಿ ಕೊಡುತ್ತದೆ. ಹಳೇ ಲೇಖನಗಳಲ್ಲಿ 'ನೇಮ್‌ವರ್ಚುವಲ್‌ಹೋಸ್ಟ್' ಸಾಲು ಕಂಡರೆ ಬಿಟ್ಟುಬಿಡಿ, 2.4ರಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಬಯಲುಸೀಮೆ:
ಆಯಿತು ಅಕ್ಕ, ಬಂತು. ತುಂಬಾ ಥ್ಯಾಂಕ್ಸ್.

ಪಿಗ್ಮಿಬುಕ್:
ನಮ್ಮಲ್ಲೂ ಫೈರ್‌ವಾಲ್ ತೆರೆದ ಮೇಲೆ ಯಂತ್ರಗಳು ಲೆಕ್ಕ ಕಳಿಸುತ್ತಿವೆ. ಹೊರಗಿನಿಂದ ಕರ್ಲ್ ಕೂಡ ಸರಿ. ಆದರೆ ಈಗ ವಿಚಿತ್ರ ಒಂದಿದೆ. ಮ್ಯಾನೇಜರ್ ಕಂಪ್ಯೂಟರ್‌ನಲ್ಲಿ ಅದೇ 8080 ಬುಕ್‌ಮಾರ್ಕ್ ಒತ್ತಿದರೆ ಕ್ರೋಮ್ 'ಇಆರ್‌ಆರ್_ಎಸ್‌ಎಸ್‌ಎಲ್_ಪ್ರೋಟೊಕಾಲ್_ಎರರ್' ಅನ್ನುತ್ತದೆ. ಬುಕ್‌ಮಾರ್ಕ್‌ನಲ್ಲಿ ಇರುವುದು ಎಚ್‌ಟಿಟಿಪಿ, ಎಸ್ ಇಲ್ಲ. ಕೈಯಲ್ಲೇ ಟೈಪ್ ಮಾಡಿದರೂ ಎಚ್‌ಟಿಟಿಪಿಎಸ್ ಆಗಿಬಿಡುತ್ತದೆ. ಐಪಿ ನಂಬರ್ ಹಾಕಿ :8080 ಅಂದರೆ ಮಾತ್ರ ತೆರೆಯುತ್ತದೆ. ಸರ್ಟಿಫಿಕೇಟ್ ಕೆಟ್ಟಿದೆಯಾ?

ಬೂಟ್‌ಆಗ್ತಿಲ್ಲ:
ಕ್ಯಾಶೆ ಕ್ಲಿಯರ್ ಮಾಡಿ ಸರ್.

ಕಡಲತಡಿ:
ನಿಮ್ಮ ಆಕ್ಸೆಸ್ ಲಾಗ್ ನೋಡಿ. ಆ ಹೊತ್ತಿಗೆ ಸರಿಯಾಗಿ '\ಎಕ್ಸ್16\ಎಕ್ಸ್03\ಎಕ್ಸ್01' ಅಂತ ಶುರುವಾಗುವ ಕಸದಂಥ ಸಾಲು, ಮುಂದೆ 400 ಇದ್ದರೆ ಹೇಳಿ.

ಪಿಗ್ಮಿಬುಕ್:
ಹೌದು ಇದೆ! ನಾನು ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಕಡಲತಡಿ:
ಹ್ಯಾಕರ್ ಅಲ್ಲ, ನಿಮ್ಮ ಮ್ಯಾನೇಜರೇ. ಅದು ಟಿಎಲ್‌ಎಸ್‌ನ ಮೊದಲ ಮಾತು. ಬ್ರೌಸರ್ ಟಿಎಲ್‌ಎಸ್ ಮಾತಾಡುತ್ತಿದೆ, ನಿಮ್ಮ 8080 ಬರೀ ಎಚ್‌ಟಿಟಿಪಿ ಕೇಳುತ್ತಿದೆ.

ಕಾರಣ ಎಚ್‌ಎಸ್‌ಟಿಎಸ್. ನಿಮ್ಮ 443 ಬ್ಲಾಕಿನಲ್ಲಿ 'ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ' ಹೆಡರ್ ಇದೆ ಅಲ್ವಾ? ಅದನ್ನು ಒಂದು ಸಲ ನೋಡಿದ ಬ್ರೌಸರ್ 'ಈ ಹೆಸರಿಗೆ ಇನ್ನು ಮುಂದೆ ಟಿಎಲ್‌ಎಸ್ ಮಾತ್ರ' ಅಂತ ಬರೆದಿಟ್ಟುಕೊಳ್ಳುತ್ತದೆ. ಬರೆದಿಡುವುದು ಹೆಸರಿಗೆ. ಪೋರ್ಟಿಗಲ್ಲ. ಆರ್‌ಎಫ್‌ಸಿ 6797ರ ಪ್ರಕಾರ ವಿಳಾಸದಲ್ಲಿ 80 ಇದ್ದರೆ 443 ಆಗುತ್ತದೆ, ಬೇರೆ ಪೋರ್ಟ್ ಬರೆದಿದ್ದರೆ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಎಚ್‌ಟಿಟಿಪಿ 8080 ಹೋಗಿ ಎಚ್‌ಟಿಟಿಪಿಎಸ್ 8080 ಆಗುತ್ತದೆ. ಐಪಿ ನಂಬರಿಗೆ ಎಚ್‌ಎಸ್‌ಟಿಎಸ್ ಅನ್ವಯಿಸುವುದಿಲ್ಲ, ಅದಕ್ಕೇ ಅಲ್ಲಿ ತೆರೆಯಿತು. ಕರ್ಲ್ ಮತ್ತು ನಿಮ್ಮ ಯಂತ್ರ ಇದನ್ನೆಲ್ಲ ನೆನಪಿಡುವುದಿಲ್ಲ, ಅದಕ್ಕೇ ಅವು ಸರಿ ಇವೆ.

8080ರಿಂದ 443ಕ್ಕೆ ರೀಡೈರೆಕ್ಟ್ ಹಾಕಿದರೂ ಪ್ರಯೋಜನ ಇಲ್ಲ. ರೀಡೈರೆಕ್ಟ್ ಓದುವ ಮೊದಲೇ ಕನೆಕ್ಷನ್ ಮುರಿದುಬೀಳುತ್ತದೆ.

ಹಳೇಹುಲಿ:
ಹೆಡರ್‌ನಲ್ಲಿ ಮ್ಯಾಕ್ಸ್-ಏಜ್ ಸೊನ್ನೆ ಮಾಡಿ ಕಳಿಸಿ. ಬ್ರೌಸರ್ ಮರೆತುಬಿಡುತ್ತದೆ.

ಅಡ್ಮಿನ್‌ಅಕ್ಕ:
ದುಡ್ಡಿನ ಲೆಕ್ಕ ಇರುವ ಸೈಟಿಗೆ ಎಚ್‌ಎಸ್‌ಟಿಎಸ್ ತೆಗೆಯಿರಿ ಅಂತ ನಾನಂತೂ ಹೇಳುವುದಿಲ್ಲ. ನಾಲ್ಕು ಬುಕ್‌ಮಾರ್ಕ್ ಬದಲಿಸಲು ಸೋಮಾರಿತನ ಮಾಡಿ ಎಲ್ಲರ ರಕ್ಷಣೆ ಕಿತ್ತುಹಾಕುವುದಾ?

ತೋಟದಮನೆ:
ಒಂದೇ 8080ರಲ್ಲಿ ಎರಡೂ ಮಾತು ಕೇಳಿಸಿಕೊಳ್ಳುವ ದಾರಿಯೂ ಇದೆ. ಎಂಜಿನ್‌ಎಕ್ಸ್‌ನ ಸ್ಟ್ರೀಮ್ ಮಾಡ್ಯೂಲಿನಲ್ಲಿ 'ಎಸ್‌ಎಸ್‌ಎಲ್_ಪ್ರೀರೀಡ್ ಆನ್;'. '$ಎಸ್‌ಎಸ್‌ಎಲ್_ಪ್ರೀರೀಡ್_ಪ್ರೋಟೊಕಾಲ್' ಖಾಲಿ ಬಂದರೆ ಮಾಮೂಲಿ ಎಚ್‌ಟಿಟಿಪಿ, ಒಳಗಿನ ಒಂದು ಪೋರ್ಟಿಗೆ ಕಳಿಸಿ. ಏನಾದರೂ ಇದ್ದರೆ ಟಿಎಲ್‌ಎಸ್, ಇನ್ನೊಂದಕ್ಕೆ ಕಳಿಸಿ. 1.15.2ರಿಂದ ಇದೆ. ಯಂತ್ರವೂ ಖುಷಿ, ಮ್ಯಾನೇಜರೂ ಖುಷಿ. ಒಂದೇ ಕಿರಿಕಿರಿ, ಹಿಂದಿನ ಬ್ಲಾಕಿಗೆ ಬಂದವರ ಐಪಿ ಎಲ್ಲ 127.0.0.1 ಅಂತಲೇ ಕಾಣುತ್ತದೆ. ಅದಕ್ಕೆ ಪ್ರಾಕ್ಸಿ ಪ್ರೋಟೊಕಾಲ್ (ಬಂದವರ ನಿಜವಾದ ಐಪಿಯನ್ನು ಹಿಂದಕ್ಕೆ ತಿಳಿಸುವ ವಿಧಾನ) ಹಾಕಬೇಕು.

ಅಡ್ಮಿನ್‌ಅಕ್ಕ:
ಚೆನ್ನಾಗಿದೆ, ಸಾವಿರಾರು ಜನ ಬಳಸುವ ವಿಳಾಸ ಆದರೆ ನಾನೂ ಇದನ್ನೇ ಮಾಡುತ್ತಿದ್ದೆ. ಒಂದು ಸಂಘದ ಆಫೀಸಿಗೆ ಇದು ಜಾಸ್ತಿ ಆಯಿತು.

ಪಿಗ್ಮಿಬುಕ್:
ಎಚ್‌ಎಸ್‌ಟಿಎಸ್ ಸಂಗತಿ ಅರ್ಥವಾಯಿತು. ಇದರ ಜೊತೆಗೇ ಕೇಳಿಬಿಡುತ್ತೇನೆ. ಇನ್ನೂ ಯಾವತ್ತೂ ನಮ್ಮ ಸೈಟ್ ತೆರೆಯದ ಹೊಸ ಲ್ಯಾಪ್‌ಟಾಪ್‌ನಲ್ಲಿ 8080 ತೆರೆಯಿತು. ಆದರೆ ಲಾಗಿನ್ ಒತ್ತಿದರೆ ಜಾಂಗೋ 403 ಕೊಡುತ್ತದೆ, ಸಿಎಸ್‌ಆರ್‌ಎಫ್ (ಬೇರೆ ಸೈಟಿನಿಂದ ಬರುವ ನಕಲಿ ಫಾರ್ಮ್ ತಡೆಯುವ ತಪಾಸಣೆ) ಅಂತ. 443ರಲ್ಲಿ ಸರಿ ಇದೆ.

ತೋಟದಮನೆ:
'ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್' ಮುಂದೆ ಏನು ಬರೆದಿದ್ದೀರಿ? '$ಹೋಸ್ಟ್' ಅಂತಿದ್ದರೆ ಅದರಲ್ಲಿ ಪೋರ್ಟ್ ಇರುವುದಿಲ್ಲ. ಬ್ರೌಸರ್ ಒರಿಜಿನ್ ಹೆಡರ್‌ನಲ್ಲಿ (ಯಾವ ಸೈಟಿನಿಂದ ಹೊರಟಿತು ಅಂತ ಹೇಳುವ ಸಾಲು) :8080 ಸೇರಿಸಿ ಕಳಿಸುತ್ತದೆ. ಜಾಂಗೋ 4.0ರಿಂದ ಇವೆರಡನ್ನೂ ಹೋಲಿಸಿ ನೋಡುತ್ತದೆ. ಒಂದರಲ್ಲಿ ಪೋರ್ಟ್ ಇದೆ, ಇನ್ನೊಂದರಲ್ಲಿ ಇಲ್ಲ, ಆದ್ದರಿಂದ 403. '$ಎಚ್‌ಟಿಟಿಪಿ_ಹೋಸ್ಟ್' ಹಾಕಿ, ಅದು ಬಂದಿದ್ದನ್ನು ಹಾಗೇ ಕಳಿಸುತ್ತದೆ.

ಅದು ಸರಿಯಾದರೂ ಲಾಗಿನ್ ಆಗದೇ ಇರಬಹುದು. ಕುಕಿಗೆ ಸೆಕ್ಯೂರ್ ಗುರುತು ಹಾಕಿದ್ದರೆ ಬರೀ ಎಚ್‌ಟಿಟಿಪಿಯಲ್ಲಿ ಅದು ಹೋಗುವುದೇ ಇಲ್ಲ. ಆ ಗುರುತು ತೆಗೆಯಬೇಡಿ ಮತ್ತೆ!

ಕುಕಿ ವಿಷಯ ಬಂತಲ್ಲ, ಇದು ತುಂಬಾ ಜನರನ್ನು ಸುಸ್ತು ಮಾಡುತ್ತದೆ. ಬ್ರೌಸರ್‌ಗೆ 8080 ಮತ್ತು 8081 ಎರಡು ಬೇರೆ ಒರಿಜಿನ್. ಲೋಕಲ್ ಸ್ಟೋರೇಜ್ ಬೇರೆ, ಒಂದರಿಂದ ಇನ್ನೊಂದಕ್ಕೆ ಫೆಚ್ ಮಾಡಿದರೆ ಕಾರ್ಸ್ (ಬೇರೆ ಒರಿಜಿನ್‌ಗೆ ಬ್ರೌಸರ್ ಹಾಕುವ ತಡೆ) ತಕರಾರು. ಆದರೆ ಕುಕಿಗೆ ಪೋರ್ಟ್ ಗೊತ್ತೇ ಇಲ್ಲ. ಡೊಮೈನ್ ಹೆಸರು ಒಂದೇ ಆದರೆ ಕುಕಿ ಡಬ್ಬಿಯೂ ಒಂದೇ. ಟೆಸ್ಟ್ ಸೈಟ್ 8081ರಲ್ಲಿ, ನಿಜವಾದದ್ದು 8080ರಲ್ಲಿ ಇಟ್ಟುಕೊಂಡವರು ಒಂದರಲ್ಲಿ ಲಾಗಿನ್ ಆದರೆ ಇನ್ನೊಂದರಲ್ಲಿ ಔಟ್ ಆಗುವುದು ಇದಕ್ಕೇ. ಸೆಷನ್ ಕುಕಿಗೆ ಬೇರೆ ಬೇರೆ ಹೆಸರು ಕೊಡಿ.

ಬಯಲುಸೀಮೆ:
ಅಯ್ಯೋ, ನಮ್ಮ ಆಫೀಸಿನಲ್ಲಿ ಎಲ್ಲರೂ ಇದಕ್ಕೆ ಸಾಫ್ಟ್‌ವೇರ್‌ನವರನ್ನು ಬೈಯುತ್ತಿದ್ದರು.

ಅಡ್ಮಿನ್‌ಅಕ್ಕ:
ಪಿಗ್ಮಿಬುಕ್ ಅವರೇ, ಈಗ ಒಂದು ಮಾತು. ನಿಮಗೆ ಇಡೀ ಸೈಟ್ 8080ರಲ್ಲಿ ಬೇಕಾ? ಯಂತ್ರ ಬಳಸುವುದು ಒಂದೇ ಒಂದು ದಾರಿ, ಅಪ್‌ಲೋಡ್. ಲಾಗಿನ್ ಪುಟ, ವರದಿ ಎಲ್ಲ ಟಿಎಲ್‌ಎಸ್ ಇಲ್ಲದ ಪೋರ್ಟಿನಲ್ಲಿ ತೆರೆದಿಡುವುದು ಯಾಕೆ? ಆ ದಾರಿ ಮಾತ್ರ ಬಿಡಿ, ಉಳಿದದ್ದಕ್ಕೆ 404 ಕೊಡಿ. 8080ಕ್ಕೆ ಬೇರೆ ಸರ್ವರ್ ಬ್ಲಾಕ್ ಮಾಡಿ. 'ಒಂದೇ ಸೈಟು ಮೂರು ಪೋರ್ಟು' ಅಂತ ಶುರು ಮಾಡಿದಿರಿ, ನಿಜಕ್ಕೂ ಬೇಕಿದ್ದದ್ದು ಒಂದು ದಾರಿಗೆ ಒಂದು ಪೋರ್ಟು.

ಪಿಗ್ಮಿಬುಕ್:
ಅಪ್‌ಲೋಡನ್ನೇ 301 (ರೀಡೈರೆಕ್ಟ್) ಮಾಡಿ 443ಕ್ಕೆ ಕಳಿಸಿಬಿಟ್ಟರೆ ಆಗಲ್ವಾ ಅಕ್ಕ? ಆಗ ಎಲ್ಲ ಟಿಎಲ್‌ಎಸ್ ಆಗುತ್ತದೆ.

ಅಡ್ಮಿನ್‌ಅಕ್ಕ:
ಯಂತ್ರ ಕಳಿಸುವುದು ಪೋಸ್ಟ್ (ಮಾಹಿತಿ ಹೊತ್ತ ಕೋರಿಕೆ). 301 ಬಂದರೆ ಎಷ್ಟೋ ಕ್ಲೈಂಟ್‌ಗಳು ಅದನ್ನು ಗೆಟ್ (ಬರೀ ಪುಟ ಕೇಳುವ ಕೋರಿಕೆ) ಮಾಡಿಕೊಂಡು ಹೋಗುತ್ತವೆ. ಲೆಕ್ಕ ಅಲ್ಲೇ ಉದುರಿಹೋಗುತ್ತದೆ, ಬರೀ ವಿಳಾಸ ಮುಂದೆ ಹೋಗುತ್ತದೆ. 307, 308 ಕೊಟ್ಟರೆ ಪೋಸ್ಟ್ ಪೋಸ್ಟಾಗೇ ಉಳಿಯುತ್ತದೆ, ಆದರೆ ಹಳೇ ಯಂತ್ರಕ್ಕೆ 308 ಗೊತ್ತಿರುವುದು ಅನುಮಾನ. ಮೇಲಾಗಿ ಟಿಎಲ್‌ಎಸ್ ಬರುತ್ತದೆಯೋ ಇಲ್ಲವೋ, ಬಂದರೂ ಯಾವ ಕಾಲದ್ದೋ. ಮೊದಲ ಕನೆಕ್ಷನ್‌ನಲ್ಲೇ ಲೆಕ್ಕ ಬಟಾಬಯಲಾಗಿ ಹೋಗಿರುತ್ತದೆ, ಆಮೇಲೆ ರೀಡೈರೆಕ್ಟ್ ಮಾಡಿ ಏನು ಉಳಿಸಿದ ಹಾಗಾಯಿತು?

ಜಾಂಗೋದಲ್ಲಿ 'ಸೆಕ್ಯೂರ್_ಎಸ್‌ಎಸ್‌ಎಲ್_ರೀಡೈರೆಕ್ಟ್' ಆನ್ ಇದೆಯಾ ನೋಡಿ. ಇದ್ದರೆ, ಹೋಸ್ಟ್ ಹೆಡರ್‌ನಲ್ಲಿ ಪೋರ್ಟ್ ಕಳಿಸಲು ಶುರು ಮಾಡಿದ ಕೂಡಲೇ ಅದು ಎಚ್‌ಟಿಟಿಪಿಎಸ್ 8080ಕ್ಕೆ ತಳ್ಳುತ್ತದೆ. ಅಪ್‌ಲೋಡ್ ದಾರಿಯನ್ನು 'ಸೆಕ್ಯೂರ್_ರೀಡೈರೆಕ್ಟ್_ಎಕ್ಸೆಂಪ್ಟ್' ಪಟ್ಟಿಗೆ ಸೇರಿಸಿ.

ಹಳೇಹುಲಿ:
ಹಾಗಾದರೆ ದುಡ್ಡಿನ ಲೆಕ್ಕ ಬರೀ ಎಚ್‌ಟಿಟಿಪಿಯಲ್ಲೇ ಹೋಗಲಿ ಅಂತೀರಾ?

ಅಡ್ಮಿನ್‌ಅಕ್ಕ:
ಟಾಮ್‌ಕ್ಯಾಟ್ ಕಾಲದಲ್ಲೂ ಹಾಗೇ ಹೋಗುತ್ತಿತ್ತು, ನಮ್ಮಿಂದ ಕೆಟ್ಟಿದ್ದಲ್ಲ. ಆದರೆ ಹೀಗೇ ಇರಲಿ ಅಂತ ನಾನು ಹೇಳುತ್ತಿಲ್ಲ. ಲಾಗ್ ಫಾರ್ಮ್ಯಾಟಿಗೆ '$ಸರ್ವರ್_ಪೋರ್ಟ್' ಸೇರಿಸಿ. 8080ರಲ್ಲಿ ಯಾವ ಯಂತ್ರ ಇನ್ನೂ ಬರುತ್ತಿದೆ ಅಂತ ಪ್ರತಿ ಸಂಜೆ ಕಾಣುತ್ತದೆ. ಆ ಪಟ್ಟಿ ಹಿಡಿದುಕೊಂಡು ಆಡಳಿತ ಮಂಡಳಿ ಮುಂದೆ ಹೋಗಿ. ಹೊಸ ಯಂತ್ರಕ್ಕೆ ದುಡ್ಡು ಕೇಳಲು ಅದಕ್ಕಿಂತ ಒಳ್ಳೇ ಕಾಗದ ಬೇರೆ ಇಲ್ಲ.

ಪಿಗ್ಮಿಬುಕ್:
ಮಾಡಿದೆ. 8080ಕ್ಕೆ ಬೇರೆ ಬ್ಲಾಕ್, ಅಪ್‌ಲೋಡ್ ದಾರಿ ಮಾತ್ರ, ಉಳಿದದ್ದಕ್ಕೆ 404. ಆಫೀಸಿನ ಬುಕ್‌ಮಾರ್ಕ್ ಎಲ್ಲ ಬದಲಿಸಿದೆ. ಮ್ಯಾನೇಜರ್ ಮೊದಲು ಗೊಣಗಿದರು, ಆಮೇಲೆ ಬೀಗದ ಚಿತ್ರ ನೋಡಿ ಸುಮ್ಮನಾದರು. ಲಾಗ್‌ನಲ್ಲಿ ಪೋರ್ಟ್ ಬರುತ್ತಿದೆ. ಏಜೆಂಟರೊಬ್ಬರ ಯಂತ್ರ ದಿನಾ ಒಂದೇ ಲೆಕ್ಕವನ್ನು ಎರಡೆರಡು ಸಲ ಕಳಿಸುತ್ತಿರುವುದೂ ಅದರಲ್ಲೇ ಕಂಡಿತು. ಅದು ಬೇರೆ ಕಥೆ, ಬೇರೆ ಎಳೆ ಶುರು ಮಾಡುತ್ತೇನೆ.

ಹೊಸಬ_22:
ತಡವಾಗಿ ಕೇಳುತ್ತಿದ್ದೇನೆ. ನನಗೆ ಇಡೀ ಸೈಟೇ ಇನ್ನೊಂದು ಪೋರ್ಟಿನಲ್ಲಿ ಬೇಕು, ಟಿಎಲ್‌ಎಸ್ ಜೊತೆ. 6000 ಹಾಕಿದರೆ ಕರ್ಲ್‌ನಲ್ಲಿ ಬರುತ್ತದೆ, ಕ್ರೋಮ್‌ನಲ್ಲಿ 'ಅನ್‌ಸೇಫ್ ಪೋರ್ಟ್' ಅನ್ನುತ್ತದೆ. ಹೊಸ ಪೋರ್ಟಿಗೆ ಹೊಸ ಸರ್ಟಿಫಿಕೇಟ್ ಬೇಕಾ? ಮುಂದೆ ಕ್ಲೌಡ್‌ಫ್ಲೇರ್ (ಸೈಟಿನ ಮುಂದೆ ನಿಲ್ಲುವ ಪ್ರಾಕ್ಸಿ ಸೇವೆ) ಕೂಡ ಇದೆ.

ಕಡಲತಡಿ:
6000 ಎಕ್ಸ್11ದು (ಲಿನಕ್ಸ್‌ನ ವಿಂಡೋ ವ್ಯವಸ್ಥೆ), ಬ್ರೌಸರ್‌ಗಳೇ ತಡೆಯುತ್ತವೆ. 6665ರಿಂದ 6669 (ಐಆರ್‌ಸಿ), 5060, 5061 ಕೂಡ ಹಾಗೇ. 10080 ಕೂಡ 2021ರಲ್ಲಿ ಕ್ರೋಮ್‌ನ ಪಟ್ಟಿಗೆ ಸೇರಿತು. ಸರ್ವರ್ ಕಡೆಯಿಂದ ಏನೂ ಮಾಡಲು ಬರುವುದಿಲ್ಲ, ನಂಬರ್ ಬದಲಿಸಿ.

ಸರ್ಟಿಫಿಕೇಟ್ ಹೆಸರಿಗೆ ಕೊಡುವುದು, ಪೋರ್ಟಿಗಲ್ಲ. 443ರದ್ದೇ ಸಾಕು. ಲೆಟ್ಸ್ ಎನ್‌ಕ್ರಿಪ್ಟ್ (ಉಚಿತ ಸರ್ಟಿಫಿಕೇಟ್ ಕೊಡುವವರು) ಆದರೆ, ಡೊಮೈನ್ ನಿಮ್ಮದೇನಾ ಅಂತ ನೋಡುವ ಎಚ್‌ಟಿಟಿಪಿ-01 ಪರೀಕ್ಷೆ 80ರಿಂದಲೇ ಶುರುವಾಗುತ್ತದೆ, ಅದನ್ನು ಮುಚ್ಚಬೇಡಿ. ಮುಚ್ಚಲೇಬೇಕಾದರೆ ಡಿಎನ್‌ಎಸ್-01 ಬಳಸಿ.

ಕ್ಲೌಡ್‌ಫ್ಲೇರ್ ಪ್ರಾಕ್ಸಿ ಎಲ್ಲ ಪೋರ್ಟನ್ನೂ ಬಿಡುವುದಿಲ್ಲ. ಟಿಎಲ್‌ಎಸ್‌ಗೆ 443 ಬಿಟ್ಟರೆ 2053, 2083, 2087, 2096, 8443. ಇವುಗಳಲ್ಲಿ 8443 ತೆಗೆದುಕೊಳ್ಳಿ. ಯಾರಾದರೂ ಎಸ್ ಬಿಟ್ಟು ಟೈಪ್ ಮಾಡಿದರೆ ಎಂಜಿನ್‌ಎಕ್ಸ್ 'ಪ್ಲೇನ್ ಎಚ್‌ಟಿಟಿಪಿ ರಿಕ್ವೆಸ್ಟ್ ವಾಸ್ ಸೆಂಟ್ ಟು ಎಚ್‌ಟಿಟಿಪಿಎಸ್ ಪೋರ್ಟ್' ಅಂತ 400 ಪುಟ ತೋರಿಸುತ್ತದೆ. ಅದಕ್ಕೆ ಒಳಗೆ 497 ಅಂತ ಬೇರೆ ನಂಬರ್ ಇದೆ. 'ಎರರ್_ಪೇಜ್ 497' ಬರೆದು ಎಚ್‌ಟಿಟಿಪಿಎಸ್ ವಿಳಾಸಕ್ಕೆ ಕಳಿಸಿ. ವಿಳಾಸದಲ್ಲಿ '$ಹೋಸ್ಟ್' ಆದಮೇಲೆ ':$ಸರ್ವರ್_ಪೋರ್ಟ್' ಸೇರಿಸಲು ಮರೆಯಬೇಡಿ.

ಹೊಸಬ_22:
8443ಕ್ಕೆ ಬದಲಿಸಿದೆ, ತೆರೆಯಿತು. 497 ಸಾಲು ಈಗ ಹಾಕುತ್ತೇನೆ.